ಹೆಸರು ಗೊತ್ತಿಲ್ಲದವರಿಗಾಗಿ

ಕೊಬ್ಬರಿ ಒಣಗುವ ವಾಸನೆ ಎಲ್ಲೇ ಮೂಗಿಗೆ ಬಡಿದರೂ ನನಗೆ ಅರಸೀಕೆರೆಯ ರೈಲ್ವೆ ಗೇಟಿನಾಚೆ ಇದ್ದ ನಮ್ಮ ಹೆಂಚಿನ ಮನೆ ನೆನಪಾಗುತ್ತದೆ. ಪಕ್ಕದ ಮಂಡಿಯ ಆ ಜಿಡ್ಡು ವಾಸನೆ ಅಪ್ಪನ ಬಿಳಿ ಅಂಗಿಗೂ ಬೈಬಲ್ಲಿನ ಹಾಳೆಗಳಿಗೂ ಅಂಟಿಕೊಂಡಿರುತ್ತಿತ್ತು. ಅಪ್ಪ ನಮ್ಮ ಸಣ್ಣ ಚರ್ಚಿನ ಉಪದೇಶಿ. ಕೊಲ್ಲಬೇಡ ಅಂದರೆ ಕೊಲ್ಲಬೇಡ, ಅದಕ್ಕೆ ಆದರೆ ಗೀದರೆ ಇಲ್ಲ ಅನ್ನುವ ಹಟಮಾರಿ. ಅವರ ತಮ್ಮ ಸಮುವೇಲ ಚಿಕ್ಕಪ್ಪ ಮಿಲಿಟರಿ ಸೇರಿದ ಮೇಲೆ ಅಣ್ಣತಮ್ಮಂದಿರು ಸರಿಯಾಗಿ ಮಾತಾಡಲೇ ಇಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಗಡಿಯಲ್ಲಿ ಗುಂಡು ತಗುಲಿ ಚಿಕ್ಕಪ್ಪ ಪೆಟ್ಟಿಗೆಯಲ್ಲಿ ಊರಿಗೆ ಬಂದ.

ಮಣ್ಣು ಮಾಡುವಾಗ ಜೊತೆಗೆ ಬಂದಿದ್ದ ಸಿಪಾಯಿಗಳು ಗುಂಡು ಹಾರಿಸಿ ಗೌರವ ಕೊಡಲು ಸಾಲಾಗಿ ನಿಂತರು. "ಇಲ್ಲಿ ಬಂದೂಕು ಬೇಡ, ಕೈ ಮುಗೀತೀನಿ" ಎಂದರು ಅಪ್ಪ. ಸಿಪಾಯಿಗಳು ಮುಖ ಮುಖ ನೋಡಿಕೊಂಡು ಬಂದೂಕು ಇಳಿಸಿದರು. "ನನ್ ಮಗುಂಗೆ ಬರೋ ಮರ್ಯಾದೇನ ಬ್ಯಾಡ ಅನ್ನಾಕೆ ನೀನ್ಯಾರೋ?" ಎಂದಳು ಅಜ್ಜಿ. ಅಳಲಿಲ್ಲ. ಅವತ್ತು ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ವರ್ಷಕ್ಕೊಂದು ಭಾನುವಾರ ನಮ್ಮ ಸಭೆಯಲ್ಲಿ ತೀರಿಹೋದವರ ಹೆಸರು ಓದುತ್ತಾರೆ. ಹೆಸರು ಬಂದಾಗ ಆ ಮನೆಯವರು ಎದ್ದು ನಿಲ್ಲಬೇಕು. ಆಗ ಓದುತ್ತಿದ್ದವರು ಅಪ್ಪ. ಸಮುವೇಲನ ಹೆಸರು ಓದಿದ ಮೇಲೆ ಬಿಡದೆ ಇನ್ನೊಂದು ಸಾಲು ಸೇರಿಸುತ್ತಿದ್ದರು: "ಸಮುವೇಲನ ಕೈಯಿಂದ ಸತ್ತವರು. ಹೆಸರು ಗೊತ್ತಿಲ್ಲ. ಅವರ ಮನೆಯವರು ಇಲ್ಲಿಲ್ಲ, ನಾವೇ ನಿಂತಿರೋಣ." ಅಷ್ಟು ಕೇಳಿದ್ದೇ ಅಜ್ಜಿ ದೊಪ್ಪನೆ ಕೂತುಬಿಡುತ್ತಿದ್ದಳು. ಮಗನನ್ನು ಎಲ್ಲರೆದುರು ಕೊಲೆಗಾರ ಮಾಡಿದ ಅಂತ ಅವಳಿಗೆ ಸಂಕಟ. ಮನೆಗೆ ಬಂದು ಅಪ್ಪನಿಗೆ ಊಟ ಬಡಿಸುತ್ತಲೂ ಇರಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು.

ಅಜ್ಜಿ ಹಾಸಿಗೆ ಹಿಡಿಯುವುದಕ್ಕೆ ಮೊದಲಿನ ವರ್ಷ, ತಾಯಿಯನ್ನು ನೋಯಿಸಿದ್ದು ಸಾಕು ಅನ್ನಿಸಿತೇನೋ, ಅಪ್ಪ ತಮ್ಮನ ಹೆಸರಷ್ಟೇ ಓದಿ ಪುಸ್ತಕ ಮುಚ್ಚಿದರು. ಅಜ್ಜಿ ಬೆಂಚು ಹಿಡಿದುಕೊಂಡು ನಿಂತೇ ಇದ್ದಳು.

"ಉಳಿದೋರ್ನ ಯಾಕ್ಲಾ ಬಿಟ್ಟೆ? ಅವ್ರಿಗೂ ತಾಯಿ ಅನ್ನೋಳು ಇರ್ತಾಳೆ. ಓದು, ನಿಂತಿರ್ತೀನಿ."

ಅಪ್ಪನಿಗೆ ಓದಲು ಆಗಲಿಲ್ಲ. ಸಭೆಯ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತರು.

ಆ ಮನೆ ಈಗಿಲ್ಲ, ಅವರಿಬ್ಬರೂ ಇಲ್ಲ. ಈಗಲೂ ವರ್ಷದ ಆ ಭಾನುವಾರ ನಮ್ಮ ಮನೆಯ ಮೂರು ಹೆಸರು ಬಂದಾಗ ನಾನೊಬ್ಬಳೇ ಎದ್ದು ನಿಲ್ಲುತ್ತೇನೆ. ಹೆಸರು ಗೊತ್ತಿಲ್ಲದವರ ಸಾಲನ್ನು ಹೊಸ ಉಪದೇಶಿ ಅಯ್ಯನವರು ಓದುವುದಿಲ್ಲ, ಅವರಿಗೆ ಅದು ಗೊತ್ತೂ ಇಲ್ಲ. "ಕೂತ್ಕೊಳ್ಳಿ ಅಮ್ಮಾ, ನಿಮ್ಮನೆಯವರದ್ದು ಆಯ್ತು" ಅನ್ನುತ್ತಾರೆ. ನಾನು ಕೂರುವುದಿಲ್ಲ.