ಹುಳದ ಮನೆಯ ಹವಾಲ್ದಾರ

ನಮ್ಮ ಭಾವನ ಕತ್ತಿನ ಹಿಂಭಾಗ ಸದಾ ಬೋಳು. ಸೂಲಿಬೆಲೆಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ ದಿನ ಕಿವಿಯಿಂದ ಕಿವಿಗೆ ಒಂದು ಬಿಳೀ ಪಟ್ಟೆ ಎದ್ದು ಕಾಣುತ್ತಿತ್ತು. ಮುಖವೆಲ್ಲ ಬಿಸಿಲಿಗೆ ಕರಕಲಾಗಿದ್ದರೂ ಆ ಪಟ್ಟೆ ಮಾತ್ರ ಸುಲಿದ ಬೆಳ್ಳುಳ್ಳಿ ಇದ್ದ ಹಾಗೆ. ಅವರ ಮುಖಕ್ಕಿಂತ ಆ ಕತ್ತನ್ನೇ ನಾನು ಹೆಚ್ಚು ನೋಡಿದ್ದು. ನಮ್ಮ ಮನೆಯಲ್ಲಿ ಗಂಡನ ಅಣ್ಣನ ಎದುರು ನಿಂತು ತಮ್ಮನ ಹೆಂಡತಿ ಮಾತಾಡುವ ಪದ್ಧತಿ ಇಲ್ಲ. ಅವರು ಜಗುಲಿಯಲ್ಲಿ ಕೂತರೆ ನಾನು ಬಾಗಿಲ ಹಿಂದೆ. ಏನಾದರೂ ಹೇಳಬೇಕಾದರೆ ಅಕ್ಕನ ಕೈಲಿ ಹೇಳಿಸಬೇಕು. ಅಕ್ಕ ಅಂದರೆ ಅವರ ಹೆಂಡತಿ, ನನ್ನ ಓರಗಿತ್ತಿ. ಹೀಗಾಗಿ ಬಾಯಿಗೆ ಬಂದದ್ದನ್ನೆಲ್ಲ ಆ ಬೋಳು ಕತ್ತಿಗೇ ಮನಸ್ಸಿನಲ್ಲಿ ಬಯ್ದುಕೊಂಡು ಕಾಲ ಹಾಕಿದೆ.

ಸತ್ತವರನ್ನು ಬಯ್ಯಬೇಡ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಹೇಳಲಿ, ಅವರ ಅಣ್ಣ. ನನಗೆ ಆ ಮನುಷ್ಯ ಇಷ್ಟವಾಗಿರಲಿಲ್ಲ, ಈಗಲೂ ಇಲ್ಲ.

ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು ಹವಾಲ್ದಾರರಾಗಿ ಪೆನ್ಷನ್ ಮೇಲೆ ಊರಿಗೆ ಬಂದರು. ಅಷ್ಟೂ ವರ್ಷ ಅಕ್ಕ ಈ ಮನೆಯಲ್ಲಿ ರೇಷ್ಮೆ ಹುಳ ಸಾಕಿಕೊಂಡು ಕೂತಿದ್ದಳು. ವರ್ಷಕ್ಕೊಂದು ರಜೆ, ಬಂದರೆ ಬಂದರು, ಬರದಿದ್ದರೆ ಫೋನು. ಮಕ್ಕಳಾಗಲಿಲ್ಲ. ಊರಿನ ಹೆಂಗಸರು ಅಕ್ಕನ ಬೆನ್ನ ಹಿಂದೆ ಏನೇನೋ ಆಡಿಕೊಂಡರು. ಗಂಡ ಮನೆಯಲ್ಲೇ ಇಲ್ಲದವಳಿಗೆ ಮಕ್ಕಳು ಆಕಾಶದಿಂದ ಉದುರಬೇಕಿತ್ತಾ? ಅಕ್ಕ ಮಾತ್ರ ಯಾರಿಗೂ ಎದುರಾಡಲಿಲ್ಲ. 'ಬರ್ತಾರೆ ಬಿಡು, ಬಂದ್ಮೇಲೆ ಎಲ್ಲಿಗೆ ಹೋಗ್ತಾರೆ' ಅನ್ನುತ್ತಿದ್ದಳು.

ಬಂದರು. ಬಂದ ಮಾರನೇ ಬೆಳಗ್ಗೆಯಿಂದಲೇ ಮನೆ ಬ್ಯಾರಕ್ ಆಯಿತು. ಚಹಾ ಐದು ನಿಮಿಷ ತಡವಾದರೆ 'ಟೈಮ್ ಅಂದ್ರೆ ಟೈಮ್' ಅನ್ನೋರು. ಒಗೆದ ಬಟ್ಟೆ ಮಡಚಿಟ್ಟರೆ ಬಿಚ್ಚಿ ಮತ್ತೆ ಮಡಚೋರು. ಹಸುಗಳ ಹಗ್ಗ ಒಂದೇ ಅಳತೆಯಲ್ಲಿ ಇರಬೇಕಂತೆ, ಅದಕ್ಕೂ ಡಿಸಿಪ್ಲಿನ್. ಅವಕ್ಕೇನು ಸಲ್ಯೂಟ್ ಹೊಡೆಯೋಕೆ ಬರುತ್ತಾ ಅಂತ ನಾನು ಬಾಗಿಲ ಹಿಂದಿನಿಂದ ಅಂದದ್ದು ಕೇಳಿಸಿತೋ ಏನೋ, ಬೋಳು ಕತ್ತು ಒಂದು ಕ್ಷಣ ಗಟ್ಟಿಯಾಯಿತು. ತಿರುಗಿ ನೋಡಲಿಲ್ಲ.

ಜಗುಲಿಗೆ ಬಂದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ. 'ನಾನಿನ್ನೂ ಪೂರ್ತಿ ರಿಟೈರ್ ಅಲ್ಲಪ್ಪಾ. ಎರಡು ವರ್ಷ ರಿಸರ್ವ್. ಬಾರ್ಡರಲ್ಲಿ ಏನಾದ್ರೂ ಆದ್ರೆ ವಾಪಸ್ ಡ್ಯೂಟಿಗೆ ಕರೀತಾರೆ.' ಹಾಗೆ ಹೇಳುವಾಗ ಅವರ ದನಿಯಲ್ಲಿ ಹಬ್ಬಕ್ಕೆ ಕರೆಯುತ್ತಾರೆ ಅನ್ನುವಂಥ ಆಸೆ ಇರುತ್ತಿತ್ತು. ಒಳಗೆ ಸೊಪ್ಪು ಬಿಡಿಸುತ್ತಿದ್ದ ಅಕ್ಕನ ಕೈ ನಿಂತುಬಿಡುತ್ತಿತ್ತು. ನನಗೆ ಕೋಪ ಬರುತ್ತಿದ್ದದ್ದು ಅದಕ್ಕೆ. ಅಕ್ಕನಿಗೆ ಬೇರೆ ಏನೂ ಬೇಕಿರಲಿಲ್ಲ. ಈ ಮನುಷ್ಯ ಮನೆಯಲ್ಲಿ ಇದ್ದರೆ ಸಾಕಿತ್ತು. ಬಯ್ದುಕೊಂಡಾದರೂ ಇರಲಿ.

ಒಂದು ಸಲ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಬಿಟ್ಟು ಹೊಟ್ಟೆಬಾಕಗಳ ಹಾಗೆ ಸೊಪ್ಪು ತಿನ್ನುವ ಹೊತ್ತು. ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕು. ಮನೆಯೊಳಗೆ ಸೆಕೆ ಅಂತ ಭಾವ ಹುಳದ ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿಕೊಂಡಿದ್ದರು. ಬೆಳಗ್ಗೆ ನಾನೂ ಅಕ್ಕನೂ ಸೊಪ್ಪು ಹೊತ್ತುಕೊಂಡು ಹೋಗಿ ಬಾಗಿಲು ತೆಗೆದರೆ ಗಮ್ಮೆಂದು ಸೊಳ್ಳೆಬತ್ತಿಯ ವಾಸನೆ. ಅಕ್ಕ ಕುಕ್ಕೆಯನ್ನು ಅಲ್ಲೇ ಕೆಳಗೆ ಹಾಕಿದಳು. ತಟ್ಟೆಗಳ ತುಂಬ ಹುಳ ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಹಸಿರು ನೀರು ಕಾರುತ್ತಿದ್ದವು. ಸೊಳ್ಳೆ ಸಾಯುವ ಹೊಗೆಗೆ ಹುಳ ಬದುಕುತ್ತದಾ? ಬೀಡಿ ಸೇದಿದವರನ್ನೂ, ತಲೆಗೆ ಘಮಘಮ ಎಣ್ಣೆ ಹಚ್ಚಿದವರನ್ನೂ ನಾವು ಹುಳದ ಮನೆ ಹೊಸ್ತಿಲು ದಾಟಿಸುವುದಿಲ್ಲ. ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು. ರೇಷ್ಮೆ ಮನೆಯಲ್ಲೇ ಹುಟ್ಟಿದ ಹವಾಲ್ದಾರರಿಗೆ ಮರೆತುಹೋಗಿತ್ತು.

'ನನಗ್ಯಾರೂ ಆರ್ಡರ್ ಕೊಟ್ಟಿರಲಿಲ್ಲ' ಅಂದರು. ಅಷ್ಟೇ. ತಪ್ಪಾಯ್ತು ಅನ್ನುವ ಮಾತು ಆ ಬಾಯಿಂದ ಬರಲಿಲ್ಲ.

ಆದರೆ ಆಮೇಲೆ ಮಾಡಿದ್ದನ್ನೂ ಹೇಳಬೇಕು, ಇಲ್ಲದಿದ್ದರೆ ನನಗೇ ಸರಿಹೋಗುವುದಿಲ್ಲ. ಸತ್ತ ಹುಳವನ್ನೆಲ್ಲ ಒಬ್ಬರೇ ಬಾಚಿ, ತೋಟದ ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚಿದರು. ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ, ಗೋಡೆ, ಸೂರು ಎಲ್ಲವನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆದರು. ಕೈ ಸಿಪ್ಪೆ ಎದ್ದರೂ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆಮೇಲೆ ಬಾಗಿಲಲ್ಲಿ ಒಂದು ಅಗಲವಾದ ಟ್ರೇ ಇಟ್ಟು ಸುಣ್ಣದ ನೀರು ತುಂಬಿಸಿದರು. ಚಪ್ಪಲಿ ಗೋಡೆಗೆ ತಾಗಿ ಒಂದೇ ಲೈನಲ್ಲಿ ಬಿಡಬೇಕು, ಸುಣ್ಣದ ನೀರಲ್ಲಿ ಕಾಲು ಅದ್ದಬೇಕು, ಕೈ ತೊಳೆಯಬೇಕು, ಆಮೇಲೆ ಒಳಗೆ. ಚಪ್ಪಲಿ ಸೊಟ್ಟಗಿದ್ದರೆ ಸಾಕು, 'ಇದ್ಯಾರದು' ಅಂತ ಗದರೋರು. ಅಲ್ಲಿಂದಾಚೆಗೆ ನಮ್ಮ ಹುಳಕ್ಕೆ ರೋಗ ಬಂದಿಲ್ಲ. ಅದು ಅವರಿಂದಲೇ. ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿದರೂ ಒಪ್ಪುತ್ತೇನೆ.

ಆ ದಿನಗಳಲ್ಲೇ ಟೀವಿಯಲ್ಲಿ ಬಾರ್ಡರಿನ ಗಲಾಟೆ ಶುರುವಾಯಿತು. ಭಾವ ಟೀವಿ ಬಿಟ್ಟು ಏಳಲಿಲ್ಲ. ಬೆಳಗ್ಗೆ ಬೂಟು ಹಾಕಿಕೊಂಡು ಕೆರೆ ಏರಿಯ ಮೇಲೆ ಓಡಲು ಶುರುಮಾಡಿದರು. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಮುದ್ದೆ ಮುರಿಯುತ್ತ ಹೇಳಿದರು: 'ಕರೆ ಬಂದಿದೆ. ಭಾನುವಾರ ಹೊರಡ್ಬೇಕು.'

ಅಕ್ಕ ಸಾರು ಬಡಿಸುತ್ತಿದ್ದಳು. ಸೌಟು ಪಾತ್ರೆಯಲ್ಲೇ ಬಿಟ್ಟು ಮೆಲ್ಲಗೆ ಕೇಳಿದಳು, 'ಹೋಗಲ್ಲ ಅಂದ್ರೆ ಏನ್ ಮಾಡ್ತಾರೆ?'

'ಹಂಗೆಲ್ಲ ಅನ್ನೋಕಾಗಲ್ಲ. ಆರ್ಡರ್.'

'ಗೂಡು ಬಿಡಿಸೋವರೆಗಾದ್ರೂ ಇರಿ. ಈ ಸಲ ಹುಳ ಚೆನ್ನಾಗವೆ.'

'ದೇಶ ಕರೆದಾಗ ಹುಳ ನೋಡ್ಕೊಂಡು ಕೂರೋಕಾಗುತ್ತಾ?'

ನಾನು ಬಾಗಿಲ ಹಿಂದಿನಿಂದ ಈಚೆ ಬಂದುಬಿಟ್ಟೆ. ಸೆರಗು ಕೂಡ ಹೊದ್ದಿರಲಿಲ್ಲ. 'ಅಕ್ಕ ಹುಳ ನೋಡ್ಕೊಳ್ಳಿ ಅಂತಿಲ್ಲ ಭಾವ, ಅವಳನ್ನ ನೋಡ್ಕೊಳ್ಳಿ ಅಂತಿದಾಳೆ. ಅಷ್ಟೂ ತಿಳಿಯಲ್ವಾ ನಿಮ್ಗೆ?' ಅಂದೆ. ಮೊದಲನೇ ಸಲ ಅವರ ಮುಖ ನೇರವಾಗಿ ನೋಡಿದ್ದು. ಅವರು ನನ್ನನ್ನೂ ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ಕೈ ತೊಳೆದು ಎದ್ದುಹೋದರು. ನನ್ನ ಯಜಮಾನರು ನನ್ನ ಮೇಲೆ ರೇಗಿದರು. ಅಕ್ಕ ಮಾತ್ರ ಸಂಜೆ ನನ್ನ ಕೈ ಹಿಡಿದು, 'ಪಾಪ, ಅವರಾದ್ರೂ ಏನ್ ಮಾಡ್ತಾರೆ, ಕರೆದ್ರೆ ಹೋಗ್ಲೇಬೇಕಲ್ಲ' ಅಂದಳು. ಆ ಮಾತು ಹಿಡಿದುಕೊಂಡೇ ಅವಳು ಆ ಭಾನುವಾರ ಅವರಿಗೆ ರೊಟ್ಟಿ ಕಟ್ಟಿಕೊಟ್ಟಳು. ಆಮೇಲಿನ ತಿಂಗಳುಗಳನ್ನೂ ಅದೇ ಮಾತಿನ ಮೇಲೆ ಕಳೆದಳು.

ಚಳಿಗಾಲದಲ್ಲಿ ಸುದ್ದಿ ಬಂತು. ಗುಂಡಲ್ಲ, ಬಾಂಬಲ್ಲ. ಬೆಳಗಿನ ಡ್ಯೂಟಿಗೆ ನಿಂತವರು ಎದೆ ಹಿಡಿದುಕೊಂಡು ಕುಸಿದರಂತೆ. ಮಿಲಿಟರಿ ವ್ಯಾನಿನಲ್ಲಿ ತಂದರು. ಹೊಸಕೋಟೆಯಿಂದಲೇ ಹುಡುಗರು ಬೈಕಿನಲ್ಲಿ ಘೋಷಣೆ ಕೂಗಿಕೊಂಡು ಬಂದರು. ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸು, ಭಾವನ ಫೋಟೋಗಿಂತ ಅದನ್ನು ಕಟ್ಟಿಸಿದವರ ಫೋಟೋ ದೊಡ್ಡದು. ಅಕ್ಕ ಹದಿನೇಳು ವರ್ಷ ಒಂಟಿಯಾಗಿದ್ದಾಗ ಇವರಲ್ಲಿ ಒಬ್ಬರೂ ನಮ್ಮ ಬೀದಿಗೆ ಕಾಲಿಟ್ಟಿರಲಿಲ್ಲ. ಗಾಳಿಯಲ್ಲಿ ಗುಂಡು ಹಾರಿಸಿದರು, ಮಡಚಿದ ಬಾವುಟವನ್ನು ಅಕ್ಕನ ಕೈಗೆ ಕೊಟ್ಟರು. ನಮ್ಮ ತೋಟದಲ್ಲೇ ಮಣ್ಣು ಮಾಡಿದೆವು.

ಹುಳ ಆಗಲೂ ನಾಲ್ಕನೇ ಜ್ವರ ಎದ್ದಿದ್ದವು. ಸೂತಕದ ಮನೆಯವರು ಹುಳದ ಮನೆಗೆ ಹೋಗುವ ಹಾಗಿಲ್ಲ. ದಾಯಾದಿಗಳಿಗೂ ಸೂತಕ. ಎದುರು ಮನೆಯವರು ಬೆಳಗ್ಗೆ ಬಂದು ಒಂದಿಷ್ಟು ಸೊಪ್ಪು ಹಾಕಿ ಹೋಗಿದ್ದರು. ಅವರ ಮನೆಯಲ್ಲೂ ಹುಳ, ಪಾಪ ಎಷ್ಟು ಅಂತ ಮಾಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳಲ್ಲಿ ಬರೀ ಕಡ್ಡಿ ಉಳಿದಿತ್ತು.

ಮಣ್ಣು ಮುಗಿಸಿ ಬಂದ ಮೇಲೆ, ಭಾವನ ಜೊತೆ ಅಲ್ಲಿ ಡ್ಯೂಟಿಯಲ್ಲಿದ್ದ ತುಮಕೂರು ಕಡೆಯ ಸಿಪಾಯಿಯೊಬ್ಬ ಅಕ್ಕನಿಗೆ ಸಮಾಧಾನ ಹೇಳಲು ಜಗುಲಿಯಲ್ಲಿ ಕೂತ. ಒಳ್ಳೆಯ ಹುಡುಗ. ಕಣ್ಣೊರೆಸಿಕೊಂಡು ಹೆಮ್ಮೆಯಿಂದ ಹೇಳಿದ: 'ಇಂಥೋರು ಸಿಗಲ್ಲ ತಾಯಿ. ರಿಸರ್ವಿನವ್ರನ್ನ ಈ ಸಲ ಕರೆದೇ ಇರಲಿಲ್ಲ. ಹವಾಲ್ದಾರ್ ಸಾಹೇಬ್ರೇ ಮೇಲಿಂದ ಮೇಲೆ ಫೋನ್ ಮಾಡಿ, ನನ್ನನ್ನ ವಾಪಸ್ ಡ್ಯೂಟಿಗೆ ತಗೊಳ್ಳಿ ಅಂತ ಕೇಳ್ಕೊಂಡು ಬಂದ್ರು.'

ಅಕ್ಕ ಅವನನ್ನೇ ನೋಡಿದಳು. 'ಕರೆದಿರ್ಲಿಲ್ವಾ?' ಅಂತ ಒಂದು ಸಲ ಕೇಳಿದಳು.

'ಇಲ್ಲ ತಾಯಿ. ಅವರಾಗೇ.'

ಅಕ್ಕ ಮಡಿಲಲ್ಲಿದ್ದ ಬಾವುಟವನ್ನು ಜಾಗ್ರತೆಯಾಗಿ ಗೋಡೆಯ ಗೂಡಿನಲ್ಲಿಟ್ಟಳು. ಎದ್ದು ಹಿತ್ತಲಿಗೆ ಹೋಗಿ, ಒದ್ದೆ ಗೋಣಿ ಮುಚ್ಚಿಟ್ಟಿದ್ದ ಸೊಪ್ಪಿನ ಹೊರೆ ಬಿಚ್ಚಿದಳು. ನಾನು ಹಿಂದೆಯೇ ಓಡಿದೆ. ನೆಂಟರ ಹೆಂಗಸರು ಅಡ್ಡ ಬಂದರು. 'ಸೂತಕ ಕಣೆ, ಹುಳದ ಮನೆಗೆ ಹೋಗ್ಬಾರ್ದು, ಏನ್ ಮಾಡ್ತಿದೀಯ' ಅಂದರು.

'ಅವರು ಕೇಳ್ಕೊಂಡು ಹೋದ ದಿನಾನೇ ನನಗೆ ಸೂತಕ ಬಂದಿತ್ತು' ಅಂದಳು ಅಕ್ಕ. 'ನನಗೆ ಗೊತ್ತಿರ್ಲಿಲ್ಲ, ಅಷ್ಟೇ. ಈಗ ಅದು ಕಳೆದೂ ಆಯ್ತು. ಹುಳ ಹಸ್ಕೊಂಡವೆ, ದಾರಿ ಬಿಡಿ.'

ಹೆಂಗಸರು ಪಕ್ಕಕ್ಕೆ ಸರಿದರು. ನಾನು ಇನ್ನೊಂದು ಕುಕ್ಕೆ ತುಂಬಿ ತಲೆ ಮೇಲಿಟ್ಟುಕೊಂಡು ಅವಳ ಹಿಂದೆ ಹೊರಟೆ. ಆ ಮನುಷ್ಯನನ್ನು ಅವತ್ತು ನಾನು ದಾರಿಯುದ್ದಕ್ಕೂ ಬಾಯಿಬಿಟ್ಟೇ ಬಯ್ದೆ, ಅಕ್ಕ ತಡೆಯಲಿಲ್ಲ. ಹುಳದ ಮನೆ ಬಾಗಿಲಲ್ಲಿ ಅವಳು ಚಪ್ಪಲಿ ಬಿಟ್ಟಳು, ಸುಣ್ಣದ ನೀರಲ್ಲಿ ಕಾಲು ಅದ್ದಿದಳು, ಕೈ ತೊಳೆದಳು. ನಾನು ಬಯ್ಯುವ ಭರದಲ್ಲಿ ಚಪ್ಪಲಿಯನ್ನು ಎಲ್ಲೋ ಒದ್ದು ಒಳಗೆ ಹೊರಟಿದ್ದೆ.

'ಚಪ್ಪಲಿ ಲೈನಲ್ಲಿ ಬಿಡು' ಅಂದಳು ಅಕ್ಕ. ಆಮೇಲೆ ಅವಳಿಗೆ ಅಳು ಬಂತು.