ಅಂಜಿಕೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ ಟೀಚರ್

ಟೀಚರ್ ಅವರ ಕೊರಳ ಬುಡದಲ್ಲಿ ಅಡ್ಡಕ್ಕೆ ಒಂದು ಗಾಯದ ಗೆರೆ ಇತ್ತು. ಸುತ್ತಲಿನ ಚರ್ಮಕ್ಕಿಂತ ತಿಳಿಯಾಗಿ, ತುಸು ಉಬ್ಬಿಕೊಂಡು, ಅವರು ಉಗುಳು ನುಂಗಿದಾಗ ಮೇಲಕ್ಕೆ ಸರಿದು ಮತ್ತೆ ಕೆಳಗಿಳಿಯುತ್ತಿತ್ತು. ಬೇರೆಯವರಾಗಿದ್ದರೆ ಸೆರಗು ಸುತ್ತಿ ಮುಚ್ಚಿಕೊಳ್ಳುತ್ತಿದ್ದರೇನೋ. ಅವರು ಮುಚ್ಚುತ್ತಿರಲಿಲ್ಲ. ಗಂಟಲ ಗಡ್ಡೆಯ ಆಪರೇಶನ್ ಆದ ಮೇಲೆ ಅವರಿಗೆ ಉಳಿದದ್ದು ಅರ್ಧ ದನಿ. ಆ ಅರ್ಧ ದನಿಯಲ್ಲೇ ಶಹಾಪುರದ ಗುಡ್ಡದ ಬದಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯವರಿಗೆ ವಿಜ್ಞಾನ ಕಲಿಸುತ್ತಿದ್ದರು. ಅವರು ಮಾತು ಶುರು ಮಾಡಿದರೆ ಮಕ್ಕಳು ಉಸಿರು ಹಿಡಿದು ಮುಂದಕ್ಕೆ ಬಾಗುತ್ತಿದ್ದರು. ಫ್ಯಾನಿನ ಸದ್ದು ಅಡ್ಡ ಬರುತ್ತದೆಂದು ಎಂಥ ಬಿಸಿಲಿನಲ್ಲೂ ಯಾರೋ ಒಬ್ಬರು ತಾವಾಗಿಯೇ ಎದ್ದು ಅದನ್ನು ಬಂದ್ ಮಾಡುತ್ತಿದ್ದರು.

ನಾನು ಆ ಶಾಲೆಗೆ ಹೋದದ್ದು ಬಿ.ಎಡ್. ಓದುವಾಗ, ಪಾಠ ಮಾಡುವ ತರಬೇತಿಗೆ. ನಮ್ಮ ಊರು ವಡಗೇರಾದ ಆಚೆ. ಅವ್ವ ಹತ್ತಿ ಬಿಡಿಸಲು ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲಿಗ. ನನ್ನ ಮಗ ಮಾಸ್ತರ ಆಗತಾನ ಎಂದು ಆಕೆ ನಾನು ಅರ್ಜಿ ಹಾಕುವ ಮೊದಲೇ ಓಣಿಗೆಲ್ಲ ಹೇಳಿ ಮುಗಿಸಿದ್ದಳು. ನನಗೆ ಮಾತ್ರ ಒಳಗೊಳಗೆ ಗೊತ್ತಿತ್ತು, ನಾಲ್ಕು ಜನರ ಮುಂದೆ ನಿಂತರೆ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ ಎಂದು.

ಶಹಾಪುರದಲ್ಲಿ ಒಬ್ಬ ಸಹಪಾಠಿಯ ಜೊತೆ ಸಣ್ಣ ಖೋಲಿ ಹಿಡಿದಿದ್ದೆ. ಮುಂಜಾನೆ ಎದ್ದು ಅನ್ನಕ್ಕಿಟ್ಟು, ಅದು ಬೇಯುವಷ್ಟರಲ್ಲಿ ನೆಲದ ಮೇಲೆ ಡ್ರಾಯಿಂಗ್ ಹಾಳೆ ಹಾಸಿ ಹೃದಯದ್ದೋ ಎಲೆಯದ್ದೋ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದೆ. ಪಾಠ ಯೋಜನೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಯಾವ ಪ್ರಶ್ನೆ ಕೇಳಬೇಕು, ಮಕ್ಕಳು ಏನು ಉತ್ತರ ಕೊಡಬಹುದು, ಎಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿರುತ್ತಿದ್ದೆ. ಆಮೇಲೆ ಇಸ್ತ್ರಿ ಅಂಗಿ ತೊಟ್ಟು ಹೊರಬಿದ್ದರೆ ಸಾಕು, ಮಲಗಿದ ಬುದ್ಧನ ಆಕಾರದ ಗುಡ್ಡ ಕಾಣುವ ತಿರುವು ಬರುವಷ್ಟರಲ್ಲಿ ಬರೆದದ್ದೆಲ್ಲ ತಲೆಯಿಂದ ಅಳಿಸಿಹೋಗುತ್ತಿತ್ತು. ಮನೆಯಲ್ಲಿ ಅವ್ವ ದಿನಾ ಕೈಮುಗಿಯುವ ಬುದ್ಧ ಇಲ್ಲಿ ಆಕಾಶದಷ್ಟು ಉದ್ದಕ್ಕೆ ಆರಾಮಾಗಿ ಮಲಗಿರುವುದನ್ನು ನೋಡಿದರೆ ನನಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುತ್ತಿತ್ತು.

ಮೊದಲನೆಯ ದಿನ ನಾನು ತರಗತಿಯ ಬಾಗಿಲ ತನಕ ಹೋದೆ. ಒಳಗೆ ಮಕ್ಕಳು ಎದ್ದು ನಿಂತು "ನಮಸ್ತೇ ಸರ್" ಎಂದರು. ನನ್ನ ಕಾಲು ಹೊಸ್ತಿಲು ದಾಟಲಿಲ್ಲ. ಮಕ್ಕಳು ನಿಂತೇ ಇದ್ದರು, ನಾನೂ ನಿಂತೇ ಇದ್ದೆ. ಯಾರೋ ಕಿಸಕ್ಕನೆ ನಕ್ಕರು. ಹಿಂದಿನಿಂದ ಟೀಚರ್ ಬಂದು, ನನ್ನನ್ನು ದಾಟಿ ಒಳಗೆ ಹೋಗಿ, ಮಕ್ಕಳಿಗೆ ಕೂರಲು ಕೈಸನ್ನೆ ಮಾಡಿದರು. ಹಿಂದಿನ ಬೆಂಚು ತೋರಿಸಿ ನನಗೆ ಮೆಲ್ಲಗೆ ಹೇಳಿದರು.

"ಅಲ್ಲಿ ಕುಂದ್ರು ತಮ್ಮಾ. ಇವತ್ತು ಬರೇ ಕುಂದ್ರು."

ಪಾಠ ಮುಗಿದ ಮೇಲೆ ವರಾಂಡದಲ್ಲಿ ನಿಲ್ಲಿಸಿ ಕೇಳಿದರು, "ಎಲ್ಲಿಗಿ ಬಂದಿತ್ತು ಅಂಜಿಕಿ?"

ನನಗೆ ಅರ್ಥವಾಗಲಿಲ್ಲ.

"ಮೈಯಾಗ ಎಲ್ಲಿಗಿ ಬಂದಿತ್ತು ಅಂತ ಕೇಳಾಕತ್ತೀನಿ. ಗಂಟಲಿಗೋ, ಎದಿಗೋ?"

"ಕಾಲಿಗಿ ಬಂದಿತ್ರಿ."

"ಕಾಲಿಗಿ ಬರಬಾರ್ದು. ಗಂಟಲಿಗಿ ಬಂದ್ರ ನೀರು ಕುಡಿಬಹುದು. ಹೊಟ್ಟ್ಯಾಗ ಇದ್ರ ಇರ್ಲಿ, ಅದಕ್ಕ ಅಲ್ಲಿ ಜಾಗಾ ಅದ. ಕಾಲಿಗಿ ಬಂದ್ರ ನಿಲ್ಲಸ್ತದ, ಇಲ್ಲಾ ಓಡಸ್ತದ. ನಾಳಿಗಿ ಒಳಗ ಬಂದು ಬರೇ ಹಾಜರಿ ಕೂಗು."

ಮರುದಿನ ಹಾಜರಿ ಕೂಗಿದೆ. ಅದರ ಮರುದಿನ ಬೋರ್ಡಿನ ಮೇಲೆ ತಾರೀಖು ಮತ್ತು ಪಾಠದ ಹೆಸರು ಬರೆದೆ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಲು ಬಿಟ್ಟರು. ಹೀಗೆ ಸಣ್ಣ ಕೂಸಿಗೆ ಅನ್ನ ತಿನ್ನಿಸುವವರ ಹಾಗೆ, ತುತ್ತು ದೊಡ್ಡದಾಗದಂತೆ ನೋಡಿಕೊಂಡು ಅವರು ನನ್ನನ್ನು ತರಗತಿಗೆ ರೂಢಿ ಮಾಡಿಸಿದರು. ಪ್ರತಿ ಮುಂಜಾನೆ ಅದೇ ಪ್ರಶ್ನೆ: "ಇವತ್ತ ಎಲ್ಲಿಗಿ ಬಂದದ?" ನಾನು ಗಂಟಲು ಮುಟ್ಟಿ ತೋರಿಸುತ್ತಿದ್ದೆ. "ಚಲೋ ಆತು, ಮ್ಯಾಲ ಏರ್ಯಾದ," ಎನ್ನುತ್ತಿದ್ದರು.

ಮಧ್ಯಾಹ್ನ ಸ್ಟಾಫ್ ರೂಮಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನನ್ನ ಡಬ್ಬಿ ತೆಗೆಯುತ್ತಿದ್ದೆ. ನನ್ನನ್ನು ಯಾರೂ ಅಲ್ಲಿ ಕೂರು ಎಂದಿರಲಿಲ್ಲ. ಆದರೆ ದೊಡ್ಡ ಮೇಜಿನ ಹತ್ತಿರ ಬಾ ಎಂದೂ ಯಾರೂ ಅಂದಿರಲಿಲ್ಲ. ನನಗೆ ಅದೂ ಒಂದು ಅಂಜಿಕೆಯೇ ಆಗಿತ್ತು. ಒಂದು ದಿನ ಟೀಚರ್ ತಮ್ಮ ಬುತ್ತಿ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತರು. ಕೊರಳಲ್ಲಿ ಲಿಂಗದ ಕರಡಿಗೆ ತೂಗುತ್ತಿತ್ತು. ನನ್ನ ಡಬ್ಬಿಯಿಂದ, ಅವ್ವ ಊರಿನಿಂದ ಕಳಿಸಿದ್ದ ರೊಟ್ಟಿ ಮುರಿದುಕೊಂಡು, ಪುಂಡಿಪಲ್ಯ ಹಚ್ಚಿಕೊಂಡು ಉಂಡರು.

"ನಿಮ್ಮವ್ವ ಖಾರ ಭಾಳ ಹಾಕ್ಯಾಳ. ನನ್ನ ಗಂಟಲಿಗಿ ತಕಲೀಫ್ ಆಗ್ತದ," ಎಂದು ಮತ್ತಷ್ಟು ಹಚ್ಚಿಕೊಂಡರು. ಮರುದಿನದಿಂದ ನಾವಿಬ್ಬರೂ ದೊಡ್ಡ ಮೇಜಿನ ಹತ್ತಿರವೇ ಕೂತೆವು.

ಕೆಲವು ವಾರಗಳ ನಂತರ ನಮ್ಮ ಕಾಲೇಜಿನ ಉಪನ್ಯಾಸಕರು ನನ್ನ ಪಾಠ ನೋಡಲು ಬಂದರು. ಅವರು ಹಿಂದಿನ ಬೆಂಚಿನಲ್ಲಿ ಕೂತು ಪೆನ್ನಿನ ಟೊಪ್ಪಿಗೆ ತೆಗೆದ ಸದ್ದು ನನಗೆ ಕೇಳಿಸಿತು. ಅದಾದ ಮೇಲೆ ನನಗೆ ಏನೂ ಕೇಳಿಸಲಿಲ್ಲ. ಬೋರ್ಡಿನ ಕಡೆ ತಿರುಗಿದವನು ಈ ಕಡೆ ತಿರುಗಲೇ ಇಲ್ಲ. ಸೀಮೆಸುಣ್ಣ ಹಿಡಿದ ಕೈ ನಡುಗಿ ನಡುಗಿ ಹೃದಯದ ಚಿತ್ರ ಹುಣಸೆಕಾಯಿಯ ಹಾಗಾಯಿತು. ಉಪನ್ಯಾಸಕರು ಎದ್ದು ನಿಂತು ಮಕ್ಕಳೆದುರಿಗೇ ಅಂದರು.

"ಹುಡುಗ್ರ ಮುಂದ ನಡುಗೋನು ಮಾಸ್ತರ ಹ್ಯಾಂಗ ಆಗ್ತಾನ? ಬ್ಯಾರೆ ಕೆಲಸ ನೋಡ್ಕೋ."

ಆ ಸಂಜೆ ನಾನು ಬಟ್ಟೆ ಚೀಲ ತುಂಬಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುವವನಿದ್ದೆ. ಅದಕ್ಕೆ ಮೊದಲು ಟೀಚರಿಗೆ ಒಂದು ಮಾತು ಹೇಳೋಣವೆಂದು ಅವರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಬಿಸಿನೀರು ಕುಡಿಯುತ್ತಿದ್ದರು. ನನ್ನ ಚೀಲ ನೋಡಿದರು. ಹೋಗಬೇಡ ಎನ್ನಲಿಲ್ಲ. ತಮ್ಮದೇ ಕಥೆ ಹೇಳತೊಡಗಿದರು.

"ಆಪರೇಶನ್ ಆಗಿ ಬಂದ ಮೊದಲ್ನೇ ದಿನ ಕ್ಲಾಸಿನಾಗ ಬಾಯಿ ತೆರದ್ನಿ. ಬರೇ ಗಾಳಿ ಬಂತು. ಹುಡುಗ್ರು ನಕ್ರು. ಮನಿಗಿ ಬಂದು ನಮ್ಮ ಮನಿಯವ್ರಿಗಿ ಅಂದ್ನಿ, ರಾಜೀನಾಮಿ ಕೊಡ್ತೀನಿ ಅಂತ. ಅವ್ರು ಕೊಡು ಅಂದ್ರು."

"ಕೊಡು ಅಂದ್ರೇನ್ರಿ?"

"ಹೂಂ. ಅದಕ್ಕೇ ಸಿಟ್ಟು ಬಂತು. ಕೊಡ್ಲಿಲ್ಲ."

ಅವರು ನಕ್ಕರು. ಆ ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಕುಲುಕುತ್ತಿದ್ದವು. ನಗು ನಿಂತ ಮೇಲೆ ಹೇಳಿದರು, "ನನಗೂ ಅಂಜಿಕಿ ಅದ ತಮ್ಮಾ. ಈ ಗಡ್ಡಿ ಮತ್ತ ಬರಬಹುದು ಅಂತ ಡಾಕ್ಟರ್ ಅಂದಾರ. ದಿನಾ ಎದ್ದ ಕೂಡಲೇ ಕೊರಳ ಮುಟ್ಟಿ ನೋಡ್ಕೋತೀನಿ. ಆಮ್ಯಾಲ ಸಾಲಿಗಿ ಹೋಗ್ತೀನಿ. ನೀನೂ ನಾಳಿಗಿ ಬಾ. ಹೃದಯದ ಚಿತ್ರ ಅರ್ಧಕ್ಕ ಬಿಟ್ಟೀದಿ."

ನಾನು ಚೀಲ ಹಿಡಿದು ಖೋಲಿಗೆ ವಾಪಸಾದೆ.

ಶಾಲೆಯ ಹಿಂದೆ ಎತ್ತರದ ನೀರಿನ ಟಾಕಿ ಇತ್ತು. ಅದರ ತಳಕ್ಕೆ ಹೆಜ್ಜೇನು ಗೂಡು ಕಟ್ಟಿತ್ತು. ಬೇಸಿಗೆಯ ಹೊತ್ತಿಗೆ ಅದು ಕಪ್ಪು ಕಂಬಳಿಯ ಹಾಗೆ ಜೋತುಬಿದ್ದಿತ್ತು. ಬಿಡಿಸುವವರಿಗೆ ಹೇಳಿಕಳಿಸಿದ್ದರು, ಅವರು ಬಂದಿರಲಿಲ್ಲ. ಆ ದಿನ ನಾವು ಒಂಬತ್ತನೆಯವರನ್ನು ಅಂಗಳದ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿ ಕೂರಿಸಿದ್ದೆವು. ನಾನು ಪಾಠ ಮಾಡುತ್ತಿದ್ದೆ. ಟೀಚರ್ ಪಕ್ಕದಲ್ಲಿ ಖುರ್ಚಿ ಹಾಕಿಕೊಂಡು ಕೂತಿದ್ದರು. ಗುಡ್ಡದಿಂದ ಇಳಿದ ಮಂಗಗಳು ಟಾಕಿಯ ಮೇಲೆ ಜಗಳಕ್ಕೆ ಬಿದ್ದವು. ಒಂದು ಮಂಗ ಜಾರಿತು. ಗೂಡಿನ ಒಂದು ತುಂಡು ಕಳಚಿ ಕೆಳಗೆ ಬಿತ್ತು.

ಮೊದಲು ಕೇಳಿಸಿದ್ದು ಸದ್ದು. ಗಿರಣಿ ಶುರುವಾದಂಥ ಸದ್ದು. ಆಮೇಲೆ ಟಾಕಿಯ ಸುತ್ತ ಗಾಳಿಯೇ ಕಪ್ಪಗಾಯಿತು. ಟೀಚರ್ ಎದ್ದು ನಿಂತು ಬಾಯಿ ತೆರೆದರು. ಕೊರಳ ನರ ಬಿಗಿದವು. ದನಿ ಹೊರಡಲಿಲ್ಲ. ಮಕ್ಕಳು ಏನೆಂದು ತಿಳಿಯದೆ ಮೇಲೆ ನೋಡುತ್ತ ಕೂತಿದ್ದರು. ಟೀಚರ್ ನನ್ನ ತೋಳು ಹಿಡಿದು ಅಲುಗಿಸಿದರು. ಅವರ ತುಟಿ ಮಾತ್ರ ಕಂಡಿತು.

"ಒದರು!"

"ಒಳಗ ಓಡ್ರಿ!" ಎಂದು ನಾನು ಒದರಿದೆ. "ಕಿಡಕಿ ಬಾಗಿಲ ಹಾಕ್ರಿ! ಜಲ್ದಿ ಓಡ್ರಿ!"

ಮಕ್ಕಳು ಚೆಲ್ಲಾಪಿಲ್ಲಿಯಾಗಿ ಓಡಿದರು. ಬಾಗಿಲುಗಳು ಧಡಧಡ ಬಡಿದುಕೊಂಡವು. ನಾನೂ ಓಡಿ ವರಾಂಡ ಸೇರಿ ತಿರುಗಿ ನೋಡಿದರೆ, ಒಬ್ಬಳು ಹುಡುಗಿ ಜಮಖಾನೆಯ ಪಕ್ಕ ಮುಖ ಮುಚ್ಚಿಕೊಂಡು ಕುಕ್ಕರುಗಾಲಿನಲ್ಲಿ ಕೂತುಬಿಟ್ಟಿದ್ದಳು. ಅವಳ ಅಂಜಿಕೆ ಕಾಲಿಗೆ ಬಂದಿತ್ತು. ಟೀಚರ್ ಅವಳ ಕಡೆ ನಡೆಯುತ್ತಿದ್ದರು. ಓಡಿದರೆ ಹುಳ ಬೆನ್ನು ಹತ್ತುತ್ತವೆಂದೋ ಏನೋ, ನಡೆದೇ ಹೋದರು. ಹೋಗಿ, ಅವಳನ್ನು ತಬ್ಬಿ, ಸೆರಗನ್ನು ಪೂರ್ತಿ ಅವಳ ಮೇಲೆ ಹೊದಿಸಿದರು. ಅವರ ಮುಖ, ಕೊರಳು, ತೋಳು ಎಲ್ಲ ಬಯಲಾಗಿದ್ದವು.

ನಾನು ಕಂಬ ಹಿಡಿದು ನಿಂತಿದ್ದೆ. ಇಡೀ ಮೈ ಒಳಗೆ ಹೋಗು, ಬಾಗಿಲು ಹಾಕಿಕೋ ಎನ್ನುತ್ತಿತ್ತು. ಅಷ್ಟು ಅಂಜಿಕೆಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅಂಗಳಕ್ಕೆ ಹೇಗೆ ಇಳಿದೆನೋ ಹೇಳಲಾರೆ. ಜಮಖಾನೆ ಎಳೆದು ಇಬ್ಬರ ಮೇಲೂ ಹಾಕಿ, ನಾನೂ ಅದರೊಳಗೆ ತೂರಿಕೊಂಡೆ. ಆ ಕತ್ತಲಲ್ಲಿ ಧೂಳು, ಹುಡುಗಿಯ ಅಳು, ಕಿವಿಯ ಪಕ್ಕದಲ್ಲೇ ಗುಂಯ್ ಎನ್ನುವ ಸದ್ದು. ಮೂವರೂ ಒಟ್ಟಿಗೆ ತೆವಳಿಕೊಂಡು ವರಾಂಡ ಮುಟ್ಟಿದೆವು.

ಹುಡುಗಿಗೆ ಅಲ್ಲಲ್ಲಿ ಕಚ್ಚಿದ್ದವು ಅಷ್ಟೇ. ನನ್ನ ಒಂದು ಕಣ್ಣು ಬಾತು ಮುಚ್ಚಿಹೋಯಿತು. ಟೀಚರ್ ಅವರ ಕೊರಳು ಮಾತ್ರ ನೋಡುವಂತಿರಲಿಲ್ಲ. ಮೊದಲೇ ಇಕ್ಕಟ್ಟಾಗಿದ್ದ ಗಂಟಲು ಬಾತು ಉಸಿರಿಗೆ ದಾರಿ ಇಲ್ಲದಂತಾಗುತ್ತಿತ್ತು. ಊರಿನ ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟು, ಕಲಬುರಗಿಗೆ ತಡಮಾಡದೆ ಒಯ್ಯಿರಿ ಎಂದರು. ಅವರ ಗಂಡ ಯಾದಗಿರಿಯಲ್ಲಿ ಕೆಲಸದ ಮೇಲಿದ್ದರು, ನೇರ ಕಲಬುರಗಿಗೇ ಬರುತ್ತೇನೆಂದು ಫೋನಿನಲ್ಲಿ ಹೇಳಿದರು. ಆಂಬುಲೆನ್ಸಿಗೆ ಅವರ ಜೊತೆ ನಾನು ಹತ್ತಿದೆ.

ದಾರಿಯುದ್ದಕ್ಕೂ ಅವರ ಉಸಿರು ಸೀಟಿಯ ಹಾಗೆ ಕೇಳಿಸುತ್ತಿತ್ತು. ಗಾಡಿ ಕುಲುಕಿದಾಗ ಅದು ಒಂದು ಗಳಿಗೆ ನಿಲ್ಲುತ್ತಿತ್ತು. ಮತ್ತೆ ಬರುವ ತನಕ ನಾನೂ ಉಸಿರು ಬಿಡುತ್ತಿರಲಿಲ್ಲ. ಅವರು ಕಣ್ಣು ತೆರೆದು ತುಟಿ ಆಡಿಸಿದರು. ಮಕ್ಕಳು ಹೇಗಿದ್ದಾರೆಂದು ಕೇಳಿದರೆಂದು ತಿಳಿಯಿತು.

"ಎಲ್ಲಾರೂ ಆರಾಮ್ ಅದಾರ್ರಿ. ನೀವು ಫಿಕರ್ ಮಾಡಬ್ಯಾಡ್ರಿ."

ಅವರು ನನ್ನ ಕೈ ಹಿಡಿದುಕೊಂಡರು. ಹಿಡಿತ ನೋವಾಗುವಷ್ಟು ಬಿಗಿಯಾಗಿತ್ತು. ದಿನಾ ನನಗೆ ಧೈರ್ಯ ಹೇಳುವವರ ಕಣ್ಣಲ್ಲಿ ಕಂಡ ಹೆದರಿಕೆ ಸಣ್ಣದಾಗಿರಲಿಲ್ಲ. ಏನು ಹೇಳಬೇಕೋ ತೋಚದೆ ನಾನೇ ಕೇಳಿದೆ, "ಟೀಚರ್, ಎಲ್ಲಿಗಿ ಬಂದದ್ರಿ?"

ಅವರು ಬೆರಳೆತ್ತಿ ತಮ್ಮ ಗಂಟಲು ಮುಟ್ಟಿ ತೋರಿಸಿದರು.

"ಇರ್ಲಿ ಬಿಡ್ರಿ. ಕಾಲಿಗಿ ಬಂದಿಲ್ಲಲ್ರಿ," ಎಂದೆ. ಬಾತ ಮುಖದಲ್ಲಿ ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಕೈ ಮಾತ್ರ ಬಿಡಲಿಲ್ಲ.

ಅವರು ಉಳಿದರು. ಬೇಸಿಗೆ ಕಳೆದು ಮಳೆ ಶುರುವಾಗುವ ಹೊತ್ತಿಗೆ ಮತ್ತೆ ಶಾಲೆಗೆ ಬಂದರು. ನಾನು ಬಿ.ಎಡ್. ಮುಗಿಸಿದೆ. ಪಾಠದ ಪರೀಕ್ಷೆಯಲ್ಲಿ ದೊಡ್ಡ ಹೆಸರೇನೂ ಮಾಡಲಿಲ್ಲ. ನಡುಗಿದೆ, ಆದರೆ ಮಕ್ಕಳ ಕಡೆ ಮುಖ ಮಾಡಿಕೊಂಡೇ ನಡುಗಿದೆ. ವಡಗೇರಾದ ಕಡೆ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕನಾದೆ. ಹೊಸ ಶಾಲೆಯ ಬಗ್ಗೆ ಫೋನಿನಲ್ಲಿ ಹೇಳುತ್ತಿದ್ದರೆ ಅವರು ಕೇಳಿಸಿಕೊಳ್ಳುತ್ತಿದ್ದರು. ಒಂದು ಸಲ ಮಾತ್ರ ಅವರೇ ಮಾತಾಡಿದರು: "ಗಡ್ಡಿ ಮತ್ತ ಬಂದದ ತಮ್ಮಾ. ಈ ಸಲ ಕೈಗಿ ಸಿಕ್ಕಿತು."

ನೋಡಲು ಹೋದಾಗ ಹಾಸಿಗೆಯಲ್ಲಿದ್ದರು. ನನ್ನನ್ನು ನೋಡಿ ಖುರ್ಚಿ ತೋರಿಸಿದರು. ಬಹಳ ಹೊತ್ತು ಕೂತಿದ್ದೆ. ಹೊರಡುವಾಗ, ಬಗ್ಗಿ ಕಿವಿ ಕೊಟ್ಟರೆ ಮಾತ್ರ ಕೇಳುವಂಥ ದನಿಯಲ್ಲಿ ಅಂದರು, "ಪರ್ಮನೆಂಟ್ ಆಗೋ ತನಕ ಓದೋದು ಬಿಡಬ್ಯಾಡ. ನಿಮ್ಮವ್ವಗ ಖಾರ ಕಮ್ಮಿ ಹಾಕಂತ ಹೇಳು."

ಅವರು ಹೋದ ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಮುಖ್ಯ ಗುರುಗಳಿಗೆ ಹೇಳಿ ಸಿಕ್ಕ ಬಸ್ಸು ಹತ್ತಿದೆ. ಶಹಾಪುರ ಮುಟ್ಟುವಷ್ಟರಲ್ಲಿ ಅವರನ್ನು ಹೊಲದ ಕಡೆ ಒಯ್ದಾಗಿತ್ತು. ಓಡುತ್ತ ಹೋದೆ. ವಿಭೂತಿ ಹಚ್ಚಿ ಕುಳ್ಳಿರಿಸಿದ್ದ ಅವರನ್ನು ಗುಂಡಿಗೆ ಇಳಿಸಿಯಾಗಿತ್ತು. ಜನ ಬಿಲ್ವಪತ್ರಿ, ಮಣ್ಣು ಹಾಕುತ್ತಿದ್ದರು. ನಾನು ಬದುವಿನ ಆಚೆಯೇ ನಿಂತೆ. ಅವರ ಬಂಧುಗಳ ನಡುವೆ ಹೋಗಬಹುದೋ ಹೋಗಬಾರದೋ ತಿಳಿಯಲಿಲ್ಲ. ಟೀಚರ್ ಅವರ ಗಂಡ ನನ್ನನ್ನು ಕಂಡು ತಾವೇ ಎದ್ದು ಬಂದರು.

"ಇಲ್ಲ್ಯಾಕ ನಿಂತೀದಿ? ಆಕಿ ನಿನ್ನ ಬಗ್ಗೆ ಏನಂತಿದ್ಲು ಗೊತ್ತೇನ? ಆ ಹುಡುಗ ನನಗಿಂತ ಪುಕ್ಕಲ ಅದಾನ, ಆದ್ರೂ ಜಮಖಾನಿ ತಗೊಂಡು ಬಂದ, ಅಂತಿದ್ಲು. ಬಾ."

ಅವರ ಹಿಂದೆ ಹೊರಟವನು ದಾರಿಯ ಕಡೆ ನೋಡಿದೆ. ಶಾಲೆಯ ಮಕ್ಕಳು ಗುಂಪಾಗಿ ಬಂದು ರಸ್ತೆಯ ಅಂಚಿನಲ್ಲೇ ನಿಂತುಬಿಟ್ಟಿದ್ದರು. ಕೈಯಲ್ಲಿ ಹೂವಿತ್ತು. ಹೊಲದೊಳಗೆ ಕಾಲಿಡಲು ಒಬ್ಬರಿಗೂ ಧೈರ್ಯವಿರಲಿಲ್ಲ. ಅವರನ್ನು ಕರೆತಂದಿದ್ದ ಮಾಸ್ತರರೊಬ್ಬರು ತಾವೇ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನಾನು ತಿರುಗಿ ಮಕ್ಕಳ ಹತ್ತಿರ ಹೋದೆ. ಎಂಟನೆಯ ತರಗತಿಯವಳೋ ಏನೋ, ಮುಂದೆ ನಿಂತ ಸಣ್ಣ ಹುಡುಗಿ ಹೂವನ್ನು ಎದೆಗೆ ಅವುಚಿಕೊಂಡಿದ್ದಳು.

"ಅಂಜಿಕಿ ಆಗಾಕತ್ತದೇನವ್ವಾ?"

"ಹೂಂ ಸರ್."

"ನನಗೂ ಆಗಾಕತ್ತದ," ಎಂದೆ. "ಬರ್ರಿ, ಎಲ್ಲಾರೂ ಕೈ ಹಿಡಕೊಳ್ರಿ."

ಅವಳ ಕೈ ಹಿಡಿದುಕೊಂಡು ನಾನು ಮುಂದೆ ನಡೆದೆ. ಒಬ್ಬರ ಹಿಂದೆ ಒಬ್ಬರಂತೆ ಮಕ್ಕಳು ಬದು ದಾಟಿದರು.