ಪಪ್ಪಾಯಿ ಗಿಡದ ಕೆಳಗೆ ಪಾಯಸದ ಪರಿಮಳ

ಈಚೆಗೆ ಸಂಜೆ ಹಿತ್ತಿಲ ಬಾಗಿಲು ತೆರೆದೊಡನೆ ನಾನು ಮಾಡುವ ಮೊದಲ ಕೆಲಸ ಗಾಳಿಯನ್ನು ಮೂಸುವುದು. ಇದು ಪ್ರಾಣಾಯಾಮವಲ್ಲ, ಶುದ್ಧ ತೋಟಗಾರಿಕೆ. ಕೈದೋಟ ಎಂಬ ಹೆಸರಿಟ್ಟವರು ಕೈಯೊಂದನ್ನೇ ನೆನೆದು ಮಿಕ್ಕ ಇಂದ್ರಿಯಗಳಿಗೆ ಅನ್ಯಾಯ ಮಾಡಿದ್ದಾರೆಂದು ನನಗೆ ಅನ್ನಿಸುವುದುಂಟು. ನನ್ನ ಮಟ್ಟಿಗಂತೂ ಸಸಿ ನೆಟ್ಟ ಕೈಗಿಂತ ಕಾವಲು ಕಾಯುವ ಮೂಗೇ ಹೆಚ್ಚು ದುಡಿದಿದೆ, ಹಾಗೆಯೇ ಹೆಚ್ಚು ಮೋಸವೂ ಹೋಗಿದೆ.

ಕುಂದಾಪುರದ ಕಡೆಯವನಾದ ನಾನು ಬ್ಯಾಂಕಿನ ವರ್ಗಾವಣೆಯ ಕೃಪೆಯಿಂದ ಕೋಲ್ಕತ್ತಕ್ಕೆ ಬಂದು, ನಿವೃತ್ತನಾದ ಮೇಲೂ ಲೇಕ್ ಗಾರ್ಡನ್ಸಿನ ಈ ನೆಲಮಹಡಿಯ ಮನೆಯನ್ನು ಬಿಡಲಾರದೆ ಉಳಿದವನು. ಬಿಡದಿರಲು ಕಾರಣ ಹಿತ್ತಿಲು. ಅದು ಎಷ್ಟು ದೊಡ್ಡದೆಂದು ಕೇಳಬೇಡಿ. ನಾನೂ ನನ್ನ ಹೆಂಡತಿ ಸುಮತಿಯೂ ಒಟ್ಟಿಗೆ ಬಗ್ಗಿದರೆ ತಲೆಗಳು ತಾಗುತ್ತವೆ. ಅಷ್ಟರಲ್ಲೇ ಬಸಳೆ ಚಪ್ಪರ, ಬೆಂಡೆ, ಹರಿವೆ, ಒಂದು ಪಪ್ಪಾಯಿ ಗಿಡ. ಆಚೆಗೆ ಎದೆಮಟ್ಟದ ಗೋಡೆ. ಗೋಡೆಯಾಚೆ ಮಾಶಿಮಾ.

ಮಾಶಿಮಾ ಎಂದರೆ ಬಂಗಾಳಿಯಲ್ಲಿ ಚಿಕ್ಕಮ್ಮ, ದೊಡ್ಡಮ್ಮ. ಇಡೀ ಬೀದಿ ಅವರನ್ನು ಕರೆಯುವುದೇ ಹಾಗೆ. ಅವರು ಸುಮತಿಯನ್ನು ಸೊಸೆಯಂತೆ ‘ಬೌಮಾ’ ಎನ್ನುತ್ತಾರೆ. ಸುಮತಿಯ ಬಂಗಾಳಿ ಮೂರು ಹೆಜ್ಜೆ ನಡೆದು ಹಿಂದಿಗೆ ಎಡವುತ್ತದೆ, ಅಲ್ಲಿಂದ ಕುಂದಾಪುರಕ್ಕೆ ಬೀಳುತ್ತದೆ. ಆದರೂ ಇಬ್ಬರೂ ಗೋಡೆಗೆ ಮೊಣಕೈಯೂರಿ ನಿಂತರೆ ನನ್ನ ಚಹಾ ಮರೆತುಹೋಯಿತೆಂದೇ ಅರ್ಥ. ನಮ್ಮ ಬಸಳೆಯೇ ಅವರ ಪುಯಿಶಾಕ್. ಅದಕ್ಕೆ ತೆಂಗಿನಕಾಯಿ ಅರೆದು ಹಾಕಬೇಕೋ ಮೀನಿನ ತಲೆ ಹಾಕಬೇಕೋ ಎಂಬ ಮೊದಲ ಜಗಳದಲ್ಲೇ ಅವರ ಸ್ನೇಹ ಹುಟ್ಟಿದ್ದು. ಅಂದಿನಿಂದ ಸುಮತಿಯ ಹೆಸರು ಕೊರೆದ ಒಂದು ಸ್ಟೀಲ್ ಡಬರಿ ಗೋಡೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿತ್ತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ರೂಢಿ ನಮ್ಮ ಕರಾವಳಿಯದೇ ಎಂದು ನಾವು ತಿಳಿದಿದ್ದೆವು. ಅವರು ಅದನ್ನು ಬಂಗಾಳದ್ದೆಂದು ತಿಳಿದಿದ್ದರು. ಈ ದೊಡ್ಡ ಊರಿನಲ್ಲಿ ಸುಮತಿಗೆ ತನ್ನವರು ಎನ್ನಲು ಇದ್ದವರು ಅವರೊಬ್ಬರೇ.

ಇನ್ನು ನನ್ನ ಶತ್ರುಗಳ ವಿಷಯ. ಮಳೆಗಾಲಕ್ಕೆ ಬಸವನಹುಳುಗಳು ಬಂದವು. ಸುಣ್ಣ ಬೂದಿಗಳ ಗೆರೆ ಎಳೆದೆ, ಮಳೆ ಅದನ್ನು ತೊಳೆದು ಅವುಗಳಿಗೆ ರಾಜಮಾರ್ಗ ಮಾಡಿಕೊಟ್ಟಿತು. ಹೆಗ್ಗಣಗಳಿಗೆಂದು ಊರಿನಿಂದ ಹಳೆಯ ಮೀನುಬಲೆ ತಂದು ಹಾಸಿದೆ. ಅದರಲ್ಲಿ ಸಿಕ್ಕಿ ಬಿದ್ದವನು ನಾನೊಬ್ಬನೇ. ಕಾಗೆಗಳಿಗಾಗಿ ನನ್ನ ಬ್ಯಾಂಕಿನ ದಿನಗಳ ಅಂಗಿ, ಪ್ಯಾಂಟು ತೊಡಿಸಿ ಬೆದರುಬೊಂಬೆ ನಿಲ್ಲಿಸಿದೆ. ಕಾಗೆ ಅದರ ಹೆಗಲ ಮೇಲೆಯೇ ಕುಳಿತು ಬೆಂಡೆಯ ಹೂವನ್ನು ಪರಿಶೀಲಿಸಿತು. ಆ ಅಂಗಿಗೆ ನನ್ನ ಕೈಕೆಳಗಿನ ಗುಮಾಸ್ತರೂ ಹೆದರುತ್ತಿರಲಿಲ್ಲವೆಂಬುದು ಅದಕ್ಕೆ ಹೇಗೆ ಗೊತ್ತಾಯಿತೋ ತಿಳಿಯದು.

ಇವೆಲ್ಲ ಕಣ್ಣಿಗೆ ಕಾಣುವ ವೈರಿಗಳು. ಆದರೆ ಪಪ್ಪಾಯಿಯನ್ನು ತಿನ್ನುತ್ತಿದ್ದುದು ಯಾರೆಂದು ತಿಳಿಯಲಿಲ್ಲ. ನಾಳೆ ಕೀಳೋಣವೆಂದುಕೊಂಡ ಹಣ್ಣು ಬೆಳಗಾಗುವಷ್ಟರಲ್ಲಿ ದೊನ್ನೆಯಂತೆ ಪೊಳ್ಳಾಗಿ ತೂಗುತ್ತಿತ್ತು. ಅದೇ ದಿನಗಳಲ್ಲಿ, ಕತ್ತಲಾಗುವ ಹೊತ್ತಿಗೆ, ಗೋಡೆಯ ಕಡೆಯಿಂದ ಇನ್ನೊಂದು ಸಂಗತಿ ತೇಲಿಬರತೊಡಗಿತು: ಸಣ್ಣಕ್ಕಿ ಬೇಯುವ ಘಮಘಮ ಪರಿಮಳ. ಮಾಶಿಮಾ ಹಿಂದೊಮ್ಮೆ ಗೋಬಿಂದಭೋಗ್ ಅಕ್ಕಿಯ ಪಾಯೇಶ್ ಕಳಿಸಿದ್ದರು. ಆ ಪಾಯಸದ ವಾಸನೆಯನ್ನು ನಮ್ಮ ಮೂಗುಗಳು ಮರೆತಿರಲಿಲ್ಲ.

ಒಂದು ಸಂಜೆ ಸುಮತಿ ಪಾಯಸ ಬರುತ್ತದೆಂದು ನಕ್ಕಳು, ಇನ್ನೊಂದು ಸಂಜೆ ಕಾದಳು, ಆಮೇಲೆ ಕಾಯುವುದನ್ನೂ ಬಿಟ್ಟಳು. ಡಬರಿ ಆಚೆ ಹೋದದ್ದು ಬಂದಿರಲಿಲ್ಲ. “ಪರಿಮಳ ಮಾತ್ರ ನಮ್ಗೆ, ಪಾಯಸ ಬೇರೆ ಯಾರಿಗೋ ಮಾರಾಯ್ರೆ,” ಎಂದಳು. ಪತ್ರೊಡೆ ಮಾಡಿದ ದಿನ ಎರಡು ತುಂಡು ತೆಗೆದಿಟ್ಟವಳು ರಾತ್ರಿ ಅವನ್ನು ನನ್ನ ತಟ್ಟೆಗೇ ಬಡಿಸಿದಳು. ಹಿತ್ತಿಲಿಗೆ ಹೋಗುವುದನ್ನೇ ಬಿಟ್ಟಳು. ಮಾಶಿಮಾ ಕೂಡ ಕಿಟಕಿಯಲ್ಲಿ ಕಂಡರೂ ಮುಖ ತಿರುಗಿಸುತ್ತಿದ್ದರು. ನನಗೆ ಚಹಾ ಹೊತ್ತಿಗೆ ಸರಿಯಾಗಿ ಸಿಗತೊಡಗಿತು; ಆದರೆ ಮಾತಿಲ್ಲದ ಮನೆಯಲ್ಲಿ ಅದು ರುಚಿಸಲಿಲ್ಲ. ನಿಜ ಹೇಳುತ್ತೇನೆ, ಪಪ್ಪಾಯಿ ಹೋದದ್ದಕ್ಕಿಂತ ಅವಳು ಮಂಕಾದದ್ದು ನನಗೆ ಹೆಚ್ಚು ನೋವು ತಂದಿತು.

ಕೊನೆಗೊಂದು ಬೆಳಿಗ್ಗೆ ಅರ್ಧ ತಿಂದ ಹಣ್ಣನ್ನು ಹಿಡಿದು ನಾನೇ ಗೋಡೆಯ ಬಳಿ ನಿಂತೆ. ಮಾಶಿಮಾ ಕೋಲೂರಿಕೊಂಡು ಬಂದರು. ಅವರ ಕೈಯಲ್ಲಿ ಕೋಲನ್ನು ನಾನು ನೋಡಿದ್ದು ಅಂದೇ ಮೊದಲು.

ಹಣ್ಣನ್ನು ತಿರುಗಿಸಿ ನೋಡಿ, “ಸಂಜೆ ಹೊತ್ತು ಪಾಯೇಶ್ ವಾಸನೆ ಬರುತ್ತಾ ರಾವ್‌ಬಾಬು?” ಎಂದು ಕೇಳಿದರು.

“ಬರುತ್ತೆ, ನಿಮ್ಮ ಅಡುಗೆಮನೆಯಿಂದ,” ಎಂದೆ, ಸ್ವಲ್ಪ ಬಿಗಿಯಾಗಿಯೇ.

ಅವರು ಗೋಡೆ ಹಿಡಿದುಕೊಂಡು ನಕ್ಕರು. “ಅದು ಭಾಮ್. ಬೆಕ್ಕಿನ ಹಾಗಿರುತ್ತೆ, ಉದ್ದ ಬಾಲ. ಅದು ಓಡಾಡಿದ ಕಡೆ ಗೋಬಿಂದಭೋಗ್ ವಾಸನೆ.”

ಭಾಮ್ ಎಂದರೆ ನಮ್ಮ ಪುನುಗು ಬೆಕ್ಕು. ದೇವರಿಗೆ ಪುನುಗು ಸುಗಂಧ ಎಂದು ಬಾಲ್ಯದಿಂದ ಕೇಳುತ್ತ ಬೆಳೆದವನು, ಸುಗಂಧವೇ ಕಾಲು ಮೂಡಿ ಹಿತ್ತಿಲಿಗೆ ಬಂದಾಗ ಪಕ್ಕದ ಮನೆಯ ಒಲೆಯನ್ನು ಶಂಕಿಸಿದ್ದೆ.

ನಕ್ಕು ಮುಗಿದ ಮೇಲೆ ಮಾಶಿಮಾ ದನಿ ತಗ್ಗಿಸಿದರು. “ಮೊಣಕಾಲು ನೋವು ಶುರುವಾದ ಮೇಲೆ ನಾನು ಒಲೆ ಮುಂದೆ ನಿಂತಿಲ್ಲ. ಬೌಮಾಳ ಡಬರಿ ನನ್ನಲ್ಲೇ ಇದೆ. ಬರಿದು ಹೇಗೆ ಕಳಿಸಲಿ? ಎದುರಿಗೆ ಬರೋಕೆ ನಾಚಿಕೆಯಾಯ್ತು.”

ಒಳಗೆ ಹೋಗಿ ಹೇಳಿದೆ. ಸುಮತಿ ಹೆಚ್ಚುತ್ತಿದ್ದ ತರಕಾರಿಯನ್ನು ಅಲ್ಲೇ ಬಿಟ್ಟು ಎದ್ದಳು. “ಇಷ್ಟು ದಿನ ನಾನೆಂತ ಮಾಡ್ದೆ,” ಎಂದಷ್ಟೇ ಹೇಳಿ, ಗೇಟಿನಿಂದ ಸುತ್ತಿಕೊಂಡು ಹೋದವಳು ಮಧ್ಯಾಹ್ನದವರೆಗೆ ಬರಲಿಲ್ಲ. ಮಾರನೆಯ ದಿನದಿಂದ ಮಾಶಿಮಾರ ಮೊಣಕಾಲಿಗೆ ನಮ್ಮ ಕೊಬ್ಬರಿ ಎಣ್ಣೆಯ ಉಪಚಾರ ಆರಂಭವಾಯಿತು. ಡಬರಿಯನ್ನು ಮಾತ್ರ, ಎಷ್ಟು ಕೇಳಿದರೂ, ಅವರು ಬರಿದಾಗಿ ಕೊಡಲಿಲ್ಲ.

ನಾನೂ ಪಪ್ಪಾಯಿಗಳಿಗೆ ಗೋಣಿಚೀಲ ಕಟ್ಟಿ, ಗಿಡದ ಕಾಂಡಕ್ಕೆ ತಗಡು ಸುತ್ತಿ, ಮೂಗಿನ ಕಾವಲು ಬಿಗಿಗೊಳಿಸಿದೆ. ಪರಿಮಳ ಬಂದರೆ ಕೋಲು ಹಿಡಿದು ಹೊರಡುವುದು. ನೆಲ ಕುಟ್ಟಿ ಸದ್ದು ಮಾಡುವುದು. ಭಾಮ್ ನನ್ನನ್ನು ಗೋಡೆಯ ಮೇಲಿನಿಂದ ನೋಡಿ, ನಿಧಾನವಾಗಿ ಹೋಗುತ್ತಿತ್ತು.

ಚಳಿ ಬಂತು. ಒಂದು ಸಂಜೆ ಪರಿಮಳ ಎಂದಿಗಿಂತ ಜೋರಾಗಿತ್ತು. ಅದರಲ್ಲಿ ಖರ್ಜೂರದ ಹೊಸ ಬೆಲ್ಲದ ವಾಸನೆಯೂ ಬೆರೆತಿತ್ತು. ಕಳ್ಳ ಭಾಮ್ ಮಿಠಾಯಿ ಅಂಗಡಿಗೂ ಹೋಗಿಬಂದಿರಬೇಕೆಂದುಕೊಂಡು ಕೋಲೆತ್ತಿ ತುದಿಗಾಲಲ್ಲಿ ಹಿತ್ತಿಲಿಗಿಳಿದೆ. ಗೋಡೆಯ ಬಳಿ ಶಾಲು ಹೊದ್ದು, ಒಂದು ಕೈಯಿಂದ ಗೋಡೆ ಹಿಡಿದು, ಇನ್ನೊಂದರಲ್ಲಿ ಸುಮತಿಯ ಡಬರಿಯನ್ನು ಎತ್ತಿಕೊಂಡು ಮಾಶಿಮಾ ನಿಂತಿದ್ದರು. ನನ್ನ ಕೋಲನ್ನು ನೋಡಿದರು.

“ಹೊಡೀಬೇಡಿ ರಾವ್‌ಬಾಬು, ಇವತ್ತು ನಾನೇ,” ಎಂದರು.

ಆ ರಾತ್ರಿ ಪಾಯಸದ ಗಲಾಟೆಯಲ್ಲಿ ಕಾವಲು ಮರೆತೆ; ಚೀಲ ಕಟ್ಟದೆ ಬಿಟ್ಟಿದ್ದ ಒಂದು ಹಣ್ಣು ಹೋಯಿತು. ಹೋಗಲಿ ಬಿಡಿ. ಈಗಲೂ ಸಂಜೆ ಬಾಗಿಲು ತೆರೆದೊಡನೆ ಗಾಳಿ ಮೂಸುತ್ತೇನೆ. ಕೋಲನ್ನು ಮಾತ್ರ ಒಳಗೇ ಇಟ್ಟು, ಮೊದಲು ಗೋಡೆಯ ಕಡೆ ನೋಡುತ್ತೇನೆ.